ದುಬೈ ಮಾವನ ಕ್ಯಾಸೆಟ್ಟು

ಡಬ್ಲ್ಯೂಡಬ್ಲ್ಯೂಎಫ್ ಕುಸ್ತಿಗೆ ಅಮೆರಿಕದವರು ಬೇರೆಯಾಗಿ ದುಡ್ಡು ಕಟ್ಟಿ ನೋಡ್ತಿದ್ದರು ಅನ್ನೋದು ನನಗೆ ಗೊತ್ತಾಗಿದ್ದು ಬಹಳ ತಡವಾಗಿ. ಪೇ ಪರ್ ವ್ಯೂ ಅಂದರೆ ಅದೇ. ಮನೆಗೆ ಕೇಬಲ್ ಇದ್ದರೆ ಸಾಲದು. ರೆಸಲ್‌ಮೇನಿಯಾ, ಸಮ್ಮರ್‌ಸ್ಲ್ಯಾಮ್, ರಾಯಲ್ ರಂಬಲ್ ಥರದ ದೊಡ್ಡ ಷೋ ಬಂದಾಗಲೆಲ್ಲ ಅದಕ್ಕೇ ಅಂತ ಬೇರೆ ದುಡ್ಡು. ನಮ್ಮ ಮನೆಯಲ್ಲಿ ಕೇಬಲ್ ಹುಡುಗ ತಿಂಗಳ ಬಿಲ್ಲಿಗೆ ಬಂದರೇ 'ಮುಂದಿನ ವಾರ ಬಾಪ್ಪ' ಅನ್ನೋ ಪದ್ಧತಿ. ಒಂದು ರಾತ್ರಿಯ ಕುಸ್ತಿಗೆ ಇನ್ನೊಂದು ಬಿಲ್ಲು ಅಂದಿದ್ದರೆ ಅಪ್ಪ ಟೀವಿಯನ್ನೇ ಅಟ್ಟಕ್ಕೆ ಹಾಕಿಬಿಡುತ್ತಿದ್ದರು.

ನಮಗೆ ಸಿಗುತ್ತಿದ್ದದ್ದು ತುಣುಕುಗಳು. ಅದೂ ಕರೆಂಟು ಮನಸ್ಸು ಮಾಡಿದರೆ. ಹೆಣ ಹೂಳೋನ ವೇಷದ ಅಂಡರ್‌ಟೇಕರ್ ಅನ್ನೋ ಜಟ್ಟಿ ಬರುವಾಗ ಗಂಟೆ ಬಾರಿಸಿ, ಅಲ್ಲಿ ಲೈಟು ಆರಿಸ್ತಾರಲ್ಲ, ಸರಿಯಾಗಿ ಅದೇ ಹೊತ್ತಿಗೆ ನಮ್ಮ ಬೀದಿಯಲ್ಲೂ ಕರೆಂಟು ಹೋಗುತ್ತಿತ್ತು. ಅದೂ ಷೋನಲ್ಲೇ ಇರೋದು ಅಂದುಕೊಂಡು ಸ್ವಲ್ಪ ಹೊತ್ತು ಭಯಭಕ್ತಿಯಿಂದ ಕತ್ತಲಲ್ಲಿ ಕೂತಿರುತ್ತಿದ್ದೆವು. ಫ್ಯಾನು ನಿಂತು ಸೊಳ್ಳೆ ಕಚ್ಚಿದ ಮೇಲೇ ವಿಷಯ ತಿಳಿಯೋದು.

ಅಜ್ಜ ಚಿಕ್ಕಂದಿನಲ್ಲಿ ಗರಡಿಯಲ್ಲಿ ಸಾಮು ತೆಗೆದವರು. 'ಮಣ್ಣಿಲ್ಲ, ಲಂಗೋಟಿ ಇಲ್ಲ, ಇದ್ಯಾವ ಸೀಮೆ ಕುಸ್ತಿ' ಅಂತ ಶುರು ಮಾಡೋರು. ಸ್ವಲ್ಪ ಹೊತ್ತಿಗೆ ಮುಂದೆ ಮುಂದೆ ಸರಿದು ಟೀವಿ ಹತ್ತಿರ ಬಂದಿರೋರು. 'ಹಿಂದೆ ಕುರ್ಚಿ ಎತ್ಕಂಡ್ ಬತ್ತಾವ್ನೆ, ತಿರುಗಿ ನೋಡೋ ಮುಂಡೇದೇ' ಅಂತ ರೆಫರಿಗೆ ಬೈಗುಳ ಬೇರೆ. ರೆಫರಿ ತಿರುಗುತ್ತಿರಲಿಲ್ಲ. ತಿರುಗದೇ ಇರೋದಕ್ಕೇ ಅವನಿಗೆ ಸಂಬಳ ಅಂತ ಅಜ್ಜನಿಗೆ ಹೇಳುವ ಧೈರ್ಯ ಯಾರಿಗಿತ್ತು?

ಕರೆಂಟು ಹೋದ ಮೇಲೆ ಏನೇನಾಯ್ತು ಅಂತ ಮಾರನೇ ದಿನ ಹೇಳೋಕೆ ನಮ್ಮ ಕ್ಲಾಸಿನಲ್ಲಿ ಒಬ್ಬ ಇದ್ದ. ಅವನ ಮಾವ ದುಬೈಯಲ್ಲಿದ್ದರು. ಅವರು ಪೂರ್ತಿ ಷೋಗಳ ಕ್ಯಾಸೆಟ್ ಕಳಿಸ್ತಾರೆ ಅಂತ ಅವನ ಅಂಬೋಣ. ಆ ಕ್ಯಾಸೆಟ್ಟನ್ನು ಯಾರೂ ಕಂಡಿರಲಿಲ್ಲ. ಅವರ ಮನೆಯಲ್ಲಿ ವಿಸಿಆರ್ ಕೂಡ ಇರಲಿಲ್ಲ. ಆದರೂ ನಂಬಿದ್ದೆವು. ಜಟ್ಟಿಗಳ ಎತ್ತರ, ತೂಕ, ಎದೆ, ಬೈಸೆಪ್ಸು ಎಲ್ಲ ಬರೆದಿರುತ್ತಿದ್ದ ಟ್ರಂಪ್ ಕಾರ್ಡುಗಳು ಎಲ್ಲರಿಗಿಂತ ಜಾಸ್ತಿ ಇದ್ದದ್ದು ಅವನ ಹತ್ತಿರವೇ. ಅಂಥವನು ಸುಳ್ಳು ಹೇಳ್ತಾನಾ?

ಅಂಡರ್‌ಟೇಕರ್ ಏಳು ಸಲ ಸತ್ತು ಎದ್ದಿದ್ದಾನೆ ಅಂದ. ನಂಬಿದೆವು. ಅಂಡರ್‌ಟೇಕರ್ ಒಬ್ಬನಲ್ಲ, ಇಬ್ಬರು ಅಂದ. ಅದನ್ನೂ ನಂಬಿದೆವು. ಮ್ಯಾನ್‌ಕೈಂಡ್ ಅನ್ನೋ ಜಟ್ಟಿ, ರಿಂಗಿನ ಸುತ್ತ ಕಟ್ಟಿದ ಪಂಜರದ ಮೇಲಿಂದ ಬಿದ್ದು ಸತ್ತೇ ಹೋದ, ಈಗ ಮುಖವಾಡ ಹಾಕಿಕೊಂಡು ಬರ್ತಿರೋನು ಅವನ ತಮ್ಮ ಅಂದ. ಅವತ್ತು ಮಧ್ಯಾಹ್ನ ಯಾರೂ ಸರಿಯಾಗಿ ಊಟ ಮಾಡಲಿಲ್ಲ.

ಈಚೆಗೆ ಗ್ಯಾಸ್ ಸಿಲಿಂಡರ್ ಎತ್ತುವಾಗ ನನ್ನ ಸೊಂಟ ಹಿಡಿದುಕೊಂಡಿತು. ಅಲ್ಲಾಡದೆ ಮಲಗಿ ಅಂದರು ಡಾಕ್ಟರು. ಮಲಗಿದವನು ಫೋನಿನಲ್ಲಿ ಹಳೇ ಷೋಗಳನ್ನು ಒಂದೊಂದಾಗಿ ಹಾಕಿದೆ. ಸೊಂಟ ನೋವಿರೋರು ನೋಡಬಾರದ ವಸ್ತು ಅದು. ಅಲ್ಲಿ ಒಬ್ಬೊಬ್ಬ ಬಿದ್ದಾಗಲೂ ಇಲ್ಲಿ ನಾನು 'ಅಯ್ಯಪ್ಪಾ' ಅಂತಿದ್ದೆ. ಹೆಂಡತಿ ಮೊದಮೊದಲು ಅಡುಗೆಮನೆಯಿಂದ ಓಡಿ ಬಂದಳು. ಆಮೇಲೆ ಬರೋದು ಬಿಟ್ಟಳು.

ನೋಡ್ತಾ ನೋಡ್ತಾ ಗೊತ್ತಾಗಿದ್ದೇನೆಂದರೆ, ನಮ್ಮ ಕ್ಲಾಸಿನವನ ಸುಳ್ಳು ಬಹಳ ಸಪ್ಪೆ. ಮ್ಯಾನ್‌ಕೈಂಡ್ ಕತೆಯನ್ನೇ ತಗೊಳ್ಳಿ. 1998ರ ಜೂನ್ 28, ಅಮೆರಿಕದ ಪಿಟ್ಸ್‌ಬರ್ಗ್, ಕಿಂಗ್ ಆಫ್ ದಿ ರಿಂಗ್ ಅನ್ನೋ ಷೋ. ಮ್ಯಾನ್‌ಕೈಂಡ್ ಅಂದರೆ ಮಿಕ್ ಫೋಲಿ. ಸುಮಾರು 16 ಅಡಿ ಎತ್ತರದ ಪಂಜರದ ಮೇಲಿಂದ ಅಂಡರ್‌ಟೇಕರ್ ಅವನನ್ನು ಕೆಳಗೆಸೆದ. ಕಾಮೆಂಟರಿಯವರ ಮೇಜು ಪುಡಿಪುಡಿ. ಸ್ಟ್ರೆಚರ್ ಬಂತು, ಮಲಗಿಸಿಕೊಂಡು ಹೊರಟರು. ಅರ್ಧ ದಾರಿಯಲ್ಲಿ ಈ ಪುಣ್ಯಾತ್ಮ ಸ್ಟ್ರೆಚರ್‌ನಿಂದ ಇಳಿದು, ವಾಪಸ್ ನಡೆದುಕೊಂಡು ಬಂದು, ಮತ್ತೆ ಪಂಜರ ಹತ್ತಿದ! ಈ ಸಲ ಅವನನ್ನು ಎತ್ತಿ ಬಡಿದ ಹೊಡೆತಕ್ಕೆ ಮೇಲಿನ ಜಾಲರಿಯೇ ಕಿತ್ತುಕೊಂಡು ಸೀದಾ ರಿಂಗಿನೊಳಗೆ ಬಿದ್ದ. ಹಿಂದೆಯೇ ಮೇಲಿಂದ ಒಂದು ಕುರ್ಚಿ ಅವನ ಮುಖದ ಮೇಲೆ. ಹಲ್ಲೊಂದು ಮುರಿದು ಮೂಗಿಗೆ ಬಂದಿತ್ತು. ಆ ಸ್ಥಿತಿಯಲ್ಲೂ ಕ್ಯಾಮೆರಾ ಕಡೆ ನೋಡಿ ಹಲ್ಲು ಕಿರಿದ, ಉಳಿದಿದ್ದನ್ನು. ಅದೇ ರಾತ್ರಿ ಕೊನೆಯ ಪಂದ್ಯದಲ್ಲಿ ಮತ್ತೆ ಹಾಜರ್. ನಾನಿಲ್ಲಿ ಸಿಲಿಂಡರ್ ಎತ್ತಿದ್ದಕ್ಕೆ ಬೆಡ್‌ಪ್ಯಾನ್ ವಿಚಾರ ಮಾತಾಡ್ತಿದ್ದೆ.

ಎರಡು ಅಂಡರ್‌ಟೇಕರ್ ಅನ್ನೋದೂ ಪೂರ್ತಿ ಸುಳ್ಳಲ್ಲವಂತೆ. 1994ರ ಸಮ್ಮರ್‌ಸ್ಲ್ಯಾಮ್‌ನಲ್ಲಿ ಅಸಲಿ ಅಂಡರ್‌ಟೇಕರ್‌ಗೂ ನಕಲಿಗೂ ಪಂದ್ಯವನ್ನೇ ಇಟ್ಟಿದ್ದರು. ನಕಲಿ ಸ್ವಲ್ಪ ಕುಳ್ಳ.

ನನಗೆ ಇದೆಲ್ಲಕ್ಕಿಂತ ಇಷ್ಟವಾದದ್ದು ಮೊಟ್ಟೆ. 1990ರ ನವೆಂಬರ್‌ನಲ್ಲಿ ಹಾರ್ಟ್‌ಫರ್ಡ್ ಅನ್ನೋ ಊರಿನಲ್ಲಿ ಸರ್ವೈವರ್ ಸೀರೀಸ್ ಅನ್ನೋ ಷೋ. ಅದಕ್ಕೆ ವಾರಗಟ್ಟಲೆ ಮೊದಲಿಂದ ಒಂದು ದೈತ್ಯ ಮೊಟ್ಟೆ ಇಟ್ಟು, ಒಳಗೇನಿರಬಹುದು ಅಂತ ಜನರ ತಲೆ ತಿಂದಿದ್ದರು. ಅವತ್ತು ಮೊಟ್ಟೆ ಒಡೆಯಿತು. ಒಳಗಿಂದ ಬಂದವನು ಟರ್ಕಿ ಕೋಳಿ ವೇಷದ ಮನುಷ್ಯ. ಹೆಸರು ಗಾಬಲ್ಡಿ ಗೂಕರ್. ಬಂದು ಕುಣಿದ. ಮೈಕು ಹಿಡಿದಿದ್ದ ಜೀನ್ ಓಕರ್ಲಂಡ್ ಎಂಬ ಹಿರಿಯರನ್ನೂ ಎಳೆದುಕೊಂಡು ಕುಣಿಸಿದ. ದುಡ್ಡು ಕಟ್ಟಿ ಬಂದ ಜನ ಬೊಬ್ಬೆ ಹೊಡೆದರು, ಹೊಡೆಯದೆ ಇರ್ತಾರಾ? ಮಜಾ ಏನೆಂದರೆ ಅಂಡರ್‌ಟೇಕರ್ ಮೊದಲ ಸಲ ಬಂದದ್ದೂ ಅದೇ ಷೋನಲ್ಲಿ. ಒಂದೇ ರಾತ್ರಿಯ ಅವಳಿ ಮಕ್ಕಳು. ಒಬ್ಬ 30 ವರ್ಷ ಮೆರೆದ, ಇನ್ನೊಬ್ಬ ಕೋಳಿ.

ಮಾಲೀಕರ ಗತಿಯೂ ಅಷ್ಟೇ. ರಂಬಲ್ ಅಂದರೆ ಒಂದು ದಂಡು ಜಟ್ಟಿಗಳು ಒಂದೇ ರಿಂಗಿನಲ್ಲಿ; ಹಗ್ಗದ ಮೇಲಿಂದ ಆಚೆ ಬಿದ್ದವನು ಔಟು, ಕೊನೆಗೆ ಉಳಿದವನು ಗೆದ್ದ. 2005ರ ರಾಯಲ್ ರಂಬಲ್‌ನಲ್ಲಿ ಕೊನೆಗೆ ಉಳಿದ ಜಾನ್ ಸೀನಾ, ಬಟಿಸ್ಟಾ ಇಬ್ಬರೂ ಹಗ್ಗದಾಚೆ ಒಟ್ಟಿಗೇ ಬಿದ್ದರು. ಗೆದ್ದವನು ಯಾರು? ರೆಫರಿಗಳಲ್ಲೇ ಜಗಳ. ಪಂಚಾಯ್ತಿ ಮಾಡಲು ಕಂಪನಿಯ ಒಡೆಯ ವಿನ್ಸ್ ಮೆಕ್‌ಮ್ಯಾನ್ ಕೋಟು ಪ್ಯಾಂಟಿನಲ್ಲಿ ಧುಮುಧುಮು ಬಂದರು. ಆಗ 59 ವರ್ಷ. ಹುರುಪಿನಲ್ಲಿ ಹಗ್ಗದ ಕೆಳಗೆ ನುಗ್ಗುವಾಗ ಎರಡೂ ತೊಡೆಯ ಸ್ನಾಯು ಹರಿದುಹೋದವು. ಏಳೋಕಾಗಲಿಲ್ಲ. ರಿಂಗಿನಲ್ಲಿ ಕಾಲು ಚಾಚಿ ಕೂತೇ ಎಲ್ಲರ ಮೇಲೂ ರೇಗಿದರು. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ.

ಎಲ್ಲ ಬೀಳೋದೂ ನಗೋ ವಿಷಯ ಅಲ್ಲ. 1999ರ ಮೇನಲ್ಲಿ ಕನ್ಸಾಸ್ ಸಿಟಿಯ ಷೋನಲ್ಲಿ ಓವನ್ ಹಾರ್ಟ್ ಅನ್ನೋ ಜಟ್ಟಿಯನ್ನು ಛಾವಣಿಯಿಂದ ಇಳಿಸುವಾಗ ಅವನು ಬಿದ್ದು ತೀರಿಕೊಂಡ. ಷೋ ಮಾತ್ರ ನಿಲ್ಲಿಸಲಿಲ್ಲ. ಅದೊಂದನ್ನು ನಾನು ಹಾಕಿ ನೋಡಲಿಲ್ಲ, ನೋಡೋದೂ ಇಲ್ಲ.

ಟೈಟಸ್ ಓನೀಲ್ ಅನ್ನೋ ಜಟ್ಟಿ ಬಿದ್ದದ್ದನ್ನು ಮಾತ್ರ ಎಷ್ಟು ಸಲ ನೋಡಿದರೂ ಸಾಲದು. 2018ರ ಏಪ್ರಿಲ್, ಸೌದಿಯ ಜೆಡ್ಡಾ, 50 ಜನರ ರಂಬಲ್. ಆಜಾನುಬಾಹು ಮನುಷ್ಯ, ಶರವೇಗದಲ್ಲಿ ಓಡಿ ಬಂದ. ರಿಂಗಿನ ಹತ್ತಿರ ಕಾಲು ಎಡವಿತು. ಮುಗ್ಗರಿಸಿದವನು ಹಾಗೇ ಜಾರಿಕೊಂಡು ಹೋಗಿ ರಿಂಗಿನ ಅಡಿಯ ಪರದೆಯೊಳಗೆ ಮಾಯ. ಹೊರಗೆ ಎರಡು ಕಾಲು ಮಾತ್ರ. ಕಾಮೆಂಟರಿಯವರಿಗೆ ನಗು ತಡೆಯೋಕಾಗದೆ ಮಾತೇ ನಿಂತುಹೋಯಿತು.

ಸೊಂಟದ ಸುದ್ದಿ ಕೇಳಿ ಆ ಕ್ಲಾಸಿನ ಮಹಾನುಭಾವ ಫೋನು ಮಾಡಿದ್ದ. ಮೊಟ್ಟೆ, ಕೋಳಿ ಕುಣಿತ, ಮೂಗಿಗೆ ಬಂದ ಹಲ್ಲು, ಒಡೆಯನ ತೊಡೆ, ಪರದೆ ಕೆಳಗೆ ಹೋದ ಪೈಲ್ವಾನ, ಎಲ್ಲ ಒಂದೇ ಉಸಿರಿಗೆ ಹೇಳಿದೆ. ಅವನು ಪೂರ್ತಿ ಕೇಳಿಸಿಕೊಂಡ.

'ಸುಮ್ನಿರೋ, ಯಾರ ಹತ್ರ ರೀಲು ಬಿಡ್ತಿದ್ದೀಯ?' ಅಂದ. 'ಹಂಗೆಲ್ಲ ಆಗಿದ್ದಿದ್ರೆ ನಮ್ ಮಾವ ಕ್ಯಾಸೆಟ್ ಕಳಿಸ್ತಿರಲಿಲ್ವಾ?'