ಬಿಸಿಲೂರಿನಲ್ಲಿ ಬೆಳಕಿನ ಬರ

ಏಪ್ರಿಲ್ ತಿಂಗಳ ಮಟಮಟ ಮಧ್ಯಾಹ್ನ. ವಿಜಯಪುರದ ನಮ್ಮ ಮಾಳಿಗೆಯ ಮೇಲೆ ಹಳೆ ಸೀರೆ ಹಾಸಿ ಅವ್ವ ಕುರಡಿಗಿ ಒತ್ತಿಟ್ಟಿದ್ದಳು. ಅದರ ಪಕ್ಕದಲ್ಲೇ ನಾನು ಕರಿ ಕಂಬಳಿ ಹೊದ್ದು ಕುಳಿತಿದ್ದೆ. ಆ ಬಿಸಿಲಲ್ಲಿ ಕಂಬಳಿ ಹೊದ್ದವನನ್ನು ಕಂಡು ಆಚೆ ಮನೆಯ ಕಾಕು, "ಥಂಡಿಜ್ವರ ಏನ್ರೀ?" ಅಂತ ಅಲ್ಲಿಂದಲೇ ಕೂಗಿದರು. ಜ್ವರ ಅಲ್ಲ. ಕಂಬಳಿಯೊಳಗೆ ನನ್ನ ಸರ್ಕಿಟ್ ಬೋರ್ಡು ಇತ್ತು, ಅದಕ್ಕೆ ಬಿಸಿಲು ತಾಗಬಾರದಿತ್ತು. ಅಂದರೆ, ನಾನು ಹೇಳಿದಾಗ ಮಾತ್ರ ತಾಗಬೇಕಿತ್ತು.

ನಳ ಬಂದ ದಿನ ನಮ್ಮ ಟ್ಯಾಂಕು ತುಂಬಿ ಹರಿದು ಪಕ್ಕದವರ ಗೋಡೆ ತೊಳೆಯುತ್ತದೆ. ಅದಕ್ಕೊಂದು ಅಲಾರಾಂ ಮಾಡೋಣ ಅಂತ ಹೊರಟಿದ್ದೆ. ಒಂದು 555 ಐಸಿ (ಪುಟ್ಟ ಟೈಮರ್ ಚಿಪ್ಪು), ನಾಲ್ಕಾರು ಬಿಡಿಭಾಗ, ಒಂದು ಬಜರ್. ಪೇಟೆಯಲ್ಲಿ ಅದು ಸಿದ್ಧವಾಗಿಯೇ ಸಿಗುತ್ತದೆ ಎಂಬ ಮಾತನ್ನು ನಮ್ಮ ಮನೆಯಲ್ಲಿ ಯಾರೂ ಎತ್ತುವಂತಿಲ್ಲ.

ಬೋರ್ಡು ಮಾಡುವ ಬಗೆ ಹೇಳಲಿಕ್ಕೆ ಸರಳ. ತಾಮ್ರದ ಹಲಗೆಗೆ ನೀಲಿ ಫಿಲ್ಮ್ ಅಂಟಿಸಬೇಕು. ಅದರ ಮೇಲೆ ಗೆರೆಗಳನ್ನು ನೆಗೆಟಿವ್ ಆಗಿ (ಗೆರೆ ಖಾಲಿ, ಉಳಿದದ್ದೆಲ್ಲ ಕಪ್ಪು) ಛಾಪಿಸಿದ ಪಾರದರ್ಶಕ ಓಎಚ್‌ಪಿ ಹಾಳೆ, ಅದರ ಮೇಲೆ ಗಾಜು. ಆಮೇಲೆ ನೇರಳಾತೀತ (ಯುವಿ) ಬೆಳಕು ಬಿಡಬೇಕು. ಬೆಳಕು ಬಿದ್ದ ಕಡೆ ಫಿಲ್ಮ್ ಗಟ್ಟಿಯಾಗುತ್ತದೆ, ಬೀಳದ ಕಡೆ ವಾಷಿಂಗ್ ಸೋಡಾದ ನೀರಿನಲ್ಲಿ ಕರಗಿ ಹೋಗುತ್ತದೆ. ಹೀಗೆ ಬಯಲಾದ ತಾಮ್ರವನ್ನು ಫೆರಿಕ್ ಕ್ಲೋರೈಡು ತಿಂದುಹಾಕುತ್ತದೆ. (ತಾಮ್ರದ ಜೊತೆ ನನ್ನ ಎರಡು ಲುಂಗಿಯನ್ನೂ, ಬಚ್ಚಲ ಫರಸಿಯ ಬಣ್ಣವನ್ನೂ ತಿಂದಿದೆ. ಅದು ಬೇರೆ ಕಥೆ.)

ನೇರಳಾತೀತ ಬೆಳಕಿಗೆ ದುಡ್ಡು ಯಾಕೆ ಕೊಡಬೇಕು, ನಮ್ಮೂರಲ್ಲಿ ಬಿಸಿಲಿಗೇನು ಬರ! ಮೊದಲ ಬೋರ್ಡನ್ನು ಮೂರು ನಿಮಿಷ ಇಟ್ಟೆ. ಸೋಡಾ ನೀರಿನಲ್ಲಿ ಎಷ್ಟು ತಿಕ್ಕಿದರೂ ಫಿಲ್ಮ್ ಎಲ್ಲಿಯೂ ಬಿಡಲಿಲ್ಲ. ಪ್ರಿಂಟರಿನ ಕಪ್ಪು ನಮ್ಮ ಕಣ್ಣಿಗಷ್ಟೇ ಕಪ್ಪು, ವಿಜಯಪುರದ ಸೂರ್ಯನಿಗೆ ಅದು ಜರಡಿ. ಎರಡನೆಯದಕ್ಕೆ ಇಪ್ಪತ್ತೇ ಸೆಕೆಂಡು ಅಂತ ಎಣಿಸತೊಡಗಿದೆ. ಹನ್ನೊಂದಕ್ಕೆ ಕಾಗೆ ಬಂತು. ಕಾಗೆ ಓಡಿಸುವ ಕೋಲು ಅವ್ವ ನನ್ನ ಕೈಗೇ ಕೊಟ್ಟು ಹೋಗಿದ್ದಳು. ಮಾಳಿಗೆಯ ಆ ತುದಿಯವರೆಗೆ ಬೆನ್ನಟ್ಟಿ ಬರುವಷ್ಟರಲ್ಲಿ ಎಣಿಕೆಯೂ ಹೋಗಿತ್ತು, ಬೋರ್ಡೂ ಹೋಗಿತ್ತು, ಇನ್ನೊಂದು ಕಾಗೆ ಕುರಡಿಗಿಯನ್ನೂ ಒಯ್ದಿತ್ತು.

"ಎರಡು ದಿನದಾಗ ನನ್ನ ಕುರಡಿಗಿ ಒಣಗ್ತಾವ. ನಿನ್ನ ಹಲಗಿ ಯಾವಾಗ ಒಣಗತೈತೋ ತಮ್ಮಾ?" ಅಂದಳು ಅವ್ವ. ಅದು ಒಣಗಿಸುವುದಲ್ಲ ಅಂತ ಅವಳಿಗೆ ನಾಲ್ಕು ಸಲ ಹೇಳಿದ್ದೇನೆ.

ಮುಂದೆ ಮೂಲೆಯ ಕಿರಾಣಿ ಅಂಗಡಿ ಕಾಕಾನ ನೋಟು ನೋಡುವ ಯಂತ್ರ ಕೇಳಿ ತಂದೆ. ಖರೆ ನೋಟಿನ ನಂಬರು ಅದರಡಿ ಹೊಳೆಯುತ್ತದೆ, ಅಂದರೆ ಬೆಳಕು ಸರಿಯಾದದ್ದೇ. ಆದರೆ ಟ್ಯೂಬು ಒಂದು ಗೇಣು. ಅದರ ನೇರಕ್ಕೆ ಇದ್ದಷ್ಟು ಗಟ್ಟಿಯಾಯಿತು, ಅಂಚೆಲ್ಲ ಸೋಡಾದಲ್ಲಿ ತೊಳೆದು ಹೋಯಿತು. ಇನ್ನೂ ಹೊತ್ತು ಇಡೋಣವೆಂದರೆ ಕಾಕಾನ ಗಿರಾಕಿಗಳು ಐನೂರರ ನೋಟು ಹಿಡಿದು ಒಬ್ಬೊಬ್ಬರಾಗಿ ನಮ್ಮ ಮನೆಗೇ ಬರತೊಡಗಿದರು. ನಮ್ಮಾಕಿ ಮೂವರಿಗೆ ಚಹಾ ಕೊಟ್ಟು, ನಾಲ್ಕನೆಯವರ ಕೈಯಲ್ಲಿ ಯಂತ್ರವನ್ನೇ ಕೊಟ್ಟು ಕಳಿಸಿದಳು.

ಇಂಜಿನಿಯರಿಂಗ್ ಓದುವ ತಮ್ಮನ ಮಗ ಆಗ ಹೇಳಿದ: "ದೊಡ್ಡಪ್ಪಾ, ಫಿಲ್ಟರಿನ ಯುವಿ ಟ್ಯೂಬ್ ಬಿಚ್ಚೋಣಲ್ಲ." ಈ ಇಡೀ ಪ್ರಕರಣದಲ್ಲಿ ನಾನು ತೋರಿಸಿದ ಒಂದೇ ಬುದ್ಧಿ ಎಂದರೆ ಅದಕ್ಕೆ ಕೈ ಹಾಕದಿದ್ದದ್ದು. ನೀರಿನ ಫಿಲ್ಟರಿನ ಟ್ಯೂಬು 254 ನ್ಯಾನೊಮೀಟರ್ ತರಂಗಾಂತರದ್ದು, ಕ್ರಿಮಿ ಕೊಲ್ಲುವ ಬೆಳಕು. ಕಣ್ಣಿಗೆ ಬಿದ್ದರೆ ರಾತ್ರಿಯೆಲ್ಲ ಉಸುಕು ಹಾಕಿದ ಹಾಗೆ ಉರಿಯುತ್ತದೆ, ಚರ್ಮವನ್ನೂ ಸುಡುತ್ತದೆ. ಅಷ್ಟು ಮಾಡಿಯೂ ನಾವು ಹಲಗೆಯ ಮೇಲೆ ಇಡುವ ಸಾದಾ ಗಾಜನ್ನು ಅದು ದಾಟುವುದಿಲ್ಲ. ಫಿಲ್ಮಿಗೆ ಬೇಕಾದದ್ದು 365ರಿಂದ 405ರವರೆಗಿನ ಸೌಮ್ಯ ಜಾತಿ, ಅದು ಗಾಜಿನೊಳಗಿಂದ ಸಲೀಸಾಗಿ ಬರುತ್ತದೆ. ಹುಡುಗ ಗೂಗಲ್ ನೋಡಿ, "ಹೌದಲ್ರೀ" ಅಂದ.

ಹಾಗಾಗಿ ಆ ಸೌಮ್ಯ ಯುವಿ ಸೂಸುವ ಬಲ್ಬು, ಅಂದರೆ ಬ್ಲ್ಯಾಕ್ ಲೈಟ್, ಹುಡುಕಿಕೊಂಡು ಗಾಂಧಿ ಚೌಕದ ಹತ್ತಿರದ ಒಂದು ಎಲೆಕ್ಟ್ರಿಕ್ ಅಂಗಡಿಗೆ ಹೋದೆ. "ಬ್ಲ್ಯಾಕ್ ಲೈಟ್ ಐತೇನ್ರೀ?" ಅಂದೆ. "ಲೈಟ್ ಅಂದ್ಮ್ಯಾಗ ಬ್ಲ್ಯಾಕ್ ಹೆಂಗ್ ಇರ್ತದರೀ?" ಅಂದರು ಮಾಲೀಕರು. ಇಬ್ಬರೂ ಸ್ವಲ್ಪ ಹೊತ್ತು ಸುಮ್ಮನಾದೆವು. ಆಮೇಲೆ ಮದುವೆ ಮಂಟಪಕ್ಕೆ ಹಾಕುವ ನೇರಳೆ ಬಲ್ಬೊಂದನ್ನು ತೆಗೆದು ಹೋಲ್ಡರಿಗೆ ಹಾಕಿ ಹಚ್ಚಿದರು.

ಇಲ್ಲಿ ನನ್ನ ಜ್ಞಾನವೇ ನನಗೆ ಮುಳುವಾಯಿತು. ನೇರಳೆ ಬಣ್ಣ ಬಳಿದ ಗಾಜಿನ ಬಲ್ಬೆಲ್ಲ ಯುವಿ ಅಲ್ಲ. ಪರೀಕ್ಷೆಗೆ ಒಂದು ಉಪಾಯವಿದೆ. ಬಟ್ಟೆ ತೊಳೆಯುವ ಪುಡಿಯಲ್ಲಿ ಬಿಳುಪು ಹೆಚ್ಚಿಸುವ ಒಂದು ವಸ್ತು ಇರುತ್ತದೆ, ಖರೆ ಯುವಿ ಬಿದ್ದರೆ ಅದು ನೀಲಿಯಾಗಿ ಹೊಳೆಯುತ್ತದೆ. ಹಾಕಿಕೊಂಡಿದ್ದದ್ದು ಕಂದು ಅಂಗಿ. ಒಳಗೆ ಮಾತ್ರ ಅವತ್ತೇ ಒಗೆದ ಬಿಳಿ ಬನಿಯನ್. ವಿಜ್ಞಾನದ ಭರದಲ್ಲಿ ನಾನು ಅಂಗಿಯ ಗುಂಡಿ ಬಿಚ್ಚಿ, ಬಲ್ಬಿನ ಕೆಳಗೆ ಎದೆಯೊಡ್ಡಿ ನಿಂತೆ.

ಬನಿಯನ್ ಹೊಳೆಯಲಿಲ್ಲ. ಅಂಗಡಿಯಲ್ಲಿದ್ದ ಇಬ್ಬರು ಹೆಣ್ಣುಮಕ್ಕಳು ಆ ಕಡೆ ತಿರುಗಿಕೊಂಡರು. ಮಾಲೀಕರು ಬಹಳ ಮರ್ಯಾದೆಯಿಂದಲೇ ಹೇಳಿದರು: "ಸರ್, ಇದು ಬಲ್ಬಿನ ಅಂಗಡೀರಿ. ಅರಿವಿ ಅಂಗಡಿ ಮುಂದಿನ ಲೈನಿನಾಗ ಐತಿ."

ಗೋಳಗುಮ್ಮಟದ ಒಳಗೆ ಈ ಕಡೆ ಪಿಸುಗುಟ್ಟಿದ್ದು ಆ ಕಡೆಯವರ ಕಿವಿಗೆ ಬೀಳುವ ಊರು ನಮ್ಮದು. ನಾನು ಗಾಡಿ ನಿಲ್ಲಿಸಿ ಮನೆ ಮೆಟ್ಟಿಲು ಹತ್ತುವ ಮೊದಲೇ ಸುದ್ದಿ ಒಳಗೆ ಬಂದು ಕುಳಿತಿತ್ತು. ನಮ್ಮಾಕಿ ಏನೂ ಅನ್ನಲಿಲ್ಲ. ಮರುದಿನ ಒಗೆಯುವಾಗ ಬನಿಯನ್ ಒಂದನ್ನು ಮಾತ್ರ ಎರಡು ಸಲ ಹಿಂಡಿದಳು.

ಕಡೆಗೆ ಬೆಳಕು ಸಿಕ್ಕಿದ್ದು ಅಕ್ಕನ ಮಗಳ ಚೀಲದಲ್ಲಿ. ಸೂಟಿಗೆ ಬಂದ ಹುಡುಗಿ ಉಗುರಿಗೆ ಜೆಲ್ ಬಣ್ಣ ಹಚ್ಚಿ, ಒಂದು ಪುಟ್ಟ ಗುಹೆಯಂಥ ದೀಪದೊಳಗೆ ಕೈಯಿಟ್ಟು ಕುಳಿತಿದ್ದಳು. ಹಿಂದೆ ಬರೆದಿತ್ತು: 365, 405. ನನಗೆ ಕಣ್ಣಲ್ಲಿ ನೀರೇ ಬಂತು. ಉಗುರಿನ ಜೆಲ್ಲೂ ನನ್ನ ನೀಲಿ ಫಿಲ್ಮೂ ಒಂದೇ ಗೋತ್ರ, ಎರಡೂ ಈ ಬೆಳಕಿಗೇ ಗಟ್ಟಿಯಾಗುವಂಥವು. ಅದರಲ್ಲಿ 30, 60, 90 ಸೆಕೆಂಡಿನ ಗುಂಡಿಗಳೂ ಇದ್ದವು. ಎಣಿಸುವುದು ಬೇಡ, ಕಾಗೆ ಬೇಡ.

ಒಂದು ಚೂರು ಹಲಗೆಯನ್ನು ರಟ್ಟಿನಿಂದ ಮುಚ್ಚಿ, ಮೂವತ್ತು ಸೆಕೆಂಡಿಗೊಮ್ಮೆ ಒಂದೊಂದು ಬೆರಳು ಸರಿಸುತ್ತ ನೋಡಿದೆ. ಯಾವ ಪಟ್ಟಿ ಚೊಕ್ಕಟಾಗಿ ಉಳಿಯಿತೋ ಅದೇ ಸರಿಯಾದ ಹೊತ್ತು. ನಮ್ಮದಕ್ಕೆ 90 ಬಂತು. ಇದನ್ನು ಮೊದಲೇ ಮಾಡಿದ್ದರೆ ಮಾಳಿಗೆಯ ಮೇಲೂ ಕೆಲಸ ಆಗುತ್ತಿತ್ತೇನೋ, ಇರಲಿ. ಅಸಲು ಬೋರ್ಡು ಕೂದಲಿನಷ್ಟು ಸಣ್ಣ ಗೆರೆಗಳ ಸಮೇತ ಎದ್ದು ಬಂತು. ಮನೆಯವರನ್ನೆಲ್ಲ ಕರೆದು ತೋರಿಸಿದೆ.

"ಮಾಮಾ, ಇದ್ರಾಗ ಅಕ್ಷರ ಉಲ್ಟಾ ಅದಾವಲ್ಲ?" ಅಂದಳು ಹುಡುಗಿ.

ಹಾಳೆಯನ್ನು ಮಗುಚಿ ಇಟ್ಟಿದ್ದೆ. ಐಸಿಯನ್ನು ತಾಮ್ರದ ಕಡೆಯೇ ಕೂಡ್ರಿಸಿ ಬೆಸುಗೆ ಹಾಕಿದ್ದಾಯಿತು. ಅಲಾರಾಂ ಕೂಗುತ್ತದೆ, ನೋಡಲಿಕ್ಕಷ್ಟೇ ಉಲ್ಟಾ.

ಬಜರಿಗೆ ವೈರು ಕಡಿಮೆ ಬಿತ್ತು. ಬೇರೆ ಅಂಗಡಿಗಳಿಗೆ ಬೀಗ ಇದ್ದದ್ದರಿಂದ ಮತ್ತೆ ಅದೇ ಅಂಗಡಿಗೆ ಹೋಗಬೇಕಾಯಿತು. ಎರಡು ಮೀಟರು ವೈರು ಕೇಳಿದೆ. ಮಾಲೀಕರು ಅಳೆದು ಕತ್ತರಿಸಿ, ಸುತ್ತಿ ಕೈಗಿಟ್ಟು, ದನಿ ತಗ್ಗಿಸಿ ಕೇಳಿದರು: "ಹೊಸಾ ಬಲ್ಬ್ ಬಂದಾವ್ರೀ ಸರ್. ಇವತ್ತು ಒಳಗ ಬಿಳೇದ ಐತೇನ್ರೀ?"