ರಿಂಗ್ ಹಾಕಿದ ಮೇಲಿನ ತಿಂಗಳುಗಳು

ಕಾಲು ಉದ್ದ ಮಾಡುವ, ಸೊಟ್ಟ ಮೂಳೆ ನೇರ ಮಾಡುವ ಆಪರೇಷನ್ ಅಂದ ಕೂಡಲೇ ಎಲ್ಲರೂ ಕೇಳುವುದು ಎರಡೇ ಪ್ರಶ್ನೆ. ಎಷ್ಟು ಖರ್ಚು, ಯಾವ ಡಾಕ್ಟರು? ಎರಡೂ ಬೇಕಾದ ಪ್ರಶ್ನೆಗಳೇ. ಆದರೆ ನಮ್ಮ ಕೊಡಗಿನಲ್ಲಿ ಅದಕ್ಕೂ ಮೊದಲು ಕೇಳಬೇಕಾದ್ದು ಇನ್ನೊಂದಿದೆ. ಮನೆಗೆ ಬಂದ ಮೇಲೆ ಅಷ್ಟೂ ತಿಂಗಳು ಮಗುವಿನ ಜೊತೆ ಯಾರಿರುತ್ತಾರೆ?

ನನ್ನ ಅಕ್ಕನ ಮಗ ಚಿಕ್ಕವನಿದ್ದಾಗ ಕಾಫಿ ಒಣಗಿಸುವ ಕಣದ ಕಟ್ಟೆಯಿಂದ ಬಿದ್ದಿದ್ದ. ಮಂಡಿಯ ಕೆಳಗೆ ಪೆಟ್ಟಾಯಿತು. ಮಕ್ಕಳ ಮೂಳೆ ಉದ್ದವಾಗುವುದು ಅದರ ತುದಿಯಲ್ಲಿರುವ ಮೆತ್ತನೆಯ ಪದರದಿಂದ. ಆ ಪದರಕ್ಕೆ ಏಟು ಬಿದ್ದರೆ, ಮುರಿದದ್ದು ಕೂಡಿಕೊಂಡರೂ ಬೆಳವಣಿಗೆ ಒಂದು ಬದಿಯಲ್ಲಿ ನಿಂತುಹೋಗಬಹುದು. ಅವನಿಗೆ ಹಾಗೇ ಆಯಿತು. ವರ್ಷ ಕಳೆದಂತೆ ಕಾಲು ಬಾಗುತ್ತಾ ಬಂತು, ಇನ್ನೊಂದು ಕಾಲಿಗಿಂತ ಗಿಡ್ಡವೂ ಆಯಿತು. ಕೊನೆಗೆ ಮೈಸೂರಿನಲ್ಲಿ ರಿಂಗ್ ಹಾಕಿಸಿದೆವು.

ನೋಡದವರಿಗೆ ಹೇಳುತ್ತೇನೆ. ಕಾಲಿನ ಸುತ್ತ ಲೋಹದ ಬಳೆಗಳು. ಅವುಗಳಿಂದ ಸಣ್ಣ ತಂತಿಗಳು ಚರ್ಮ ದಾಟಿ, ಮೂಳೆಯ ಮೂಲಕ ಆಚೆ ಹೋಗುತ್ತವೆ. ಬಳೆಗಳನ್ನು ಹಿಡಿದಿಡಲು ತಿರುಪು ಇರುವ ಸರಳುಗಳು, ನಟ್‌ಗಳು. ಡಾಕ್ಟರು ಮೂಳೆಯನ್ನು ಅದರ ಮೇಲಿನ ಪೊರೆ ಆದಷ್ಟು ಹಾಳಾಗದ ಹಾಗೆ ಕತ್ತರಿಸಿ, ಸುಮಾರು ಒಂದು ವಾರ ಹಾಗೇ ಬಿಡುತ್ತಾರೆ. ಆಮೇಲೆ ದಿನಕ್ಕೆ ಸಾಮಾನ್ಯವಾಗಿ 1 ಮಿಲಿಮೀಟರ್‌ನಂತೆ ಎರಡು ತುದಿಗಳನ್ನು ದೂರ ಮಾಡುತ್ತಾ ಹೋಗುವುದು. ಆ ಸಂದಿನಲ್ಲಿ ದೇಹವೇ ಹೊಸ ಮೂಳೆ ಕಟ್ಟುತ್ತದೆ. ನರ, ರಕ್ತನಾಳ, ಚರ್ಮ ಎಲ್ಲವೂ ಜೊತೆಗೆ ಉದ್ದವಾಗಬೇಕು. ಅವಸರ ಮಾಡಿದರೆ ನರಕ್ಕೆ ತೊಂದರೆ, ಮೂಳೆಯೂ ಸರಿಯಾಗಿ ಕಟ್ಟುವುದಿಲ್ಲ. ತೀರಾ ನಿಧಾನವಾದರೆ ಉದ್ದ ಸಾಲುವ ಮೊದಲೇ ಮೂಳೆ ಕೂಡಿಬಿಡುತ್ತದೆ.

ಆ 1 ಮಿಲಿಮೀಟರನ್ನೂ ಒಂದೇ ಸಲ ಎಳೆಯುವುದಿಲ್ಲ. ದಿನಕ್ಕೆ ನಾಲ್ಕು ಸಲ, ಪ್ರತಿ ಸಲ ಕಾಲು ಮಿಲಿಮೀಟರ್. ಸರಳಿನ ತಿರುಪು ಹೇಗಿದೆ ಅಂದರೆ ನಟ್ ಪೂರ್ತಿ ಒಂದು ಸುತ್ತು ತಿರುಗಿದರೆ 1 ಮಿಲಿಮೀಟರ್. ಹಾಗಾಗಿ ಒಂದು ಸಲಕ್ಕೆ ಕಾಲು ಸುತ್ತು. ಇದನ್ನು ಮಾಡುವುದು ಡಾಕ್ಟರಲ್ಲ, ಮನೆಯವರು. ನಮ್ಮ ಅಕ್ಕ ಬೆಳಗ್ಗೆ, ಮಧ್ಯಾಹ್ನ, ಸಂಜೆ, ಮಲಗುವ ಮುಂಚೆ ಸ್ಪ್ಯಾನರ್ ಹಿಡಿದು ಕೂರುತ್ತಿದ್ದಳು. ಯಾವ ಕಡೆ ತಿರುಗಿಸಬೇಕು ಅಂತ ಪ್ರತಿ ಸರಳಿಗೂ ಬಣ್ಣದ ಟೇಪು ಅಂಟಿಸಿದ್ದಳು. ತಿರುಗಿಸಿದ್ದಕ್ಕೆಲ್ಲ ಕ್ಯಾಲೆಂಡರ್‌ನಲ್ಲಿ ಗೀಟು. ಕೆಲವು ದಿನ ಆದ ಮೇಲೆ ಹುಡುಗನೇ ನನ್ನನ್ನು ಕರೆದು "ಚಿಕ್ಕಮ್ಮ, ನೀವು ಎಣಿಸಿ, ನಾನೇ ತಿರುಗಿಸ್ತೇನೆ" ಅನ್ನುತ್ತಿದ್ದ.

ಈ ವಿಧಾನ ಕಂಡುಹಿಡಿದ ಗವ್ರೀಲ್ ಇಲಿಝರೋವ್ ಕೂಡ ದೊಡ್ಡ ನಗರದ ಡಾಕ್ಟರಲ್ಲ. ಸೈಬೀರಿಯಾದ ಕುರ್ಗಾನ್ ಅನ್ನುವ ದೂರದ ಪ್ರಾಂತ್ಯದಲ್ಲಿ, ಎರಡನೇ ಮಹಾಯುದ್ಧ ಮುಗಿದ ಕಾಲಕ್ಕೆ ಕೆಲಸ ಶುರು ಮಾಡಿದವರು. 1950ರ ದಶಕದ ಆರಂಭದಲ್ಲೇ ಈ ರಿಂಗ್ ಮಾಡಿದರೂ ಬಹಳ ಕಾಲ ಯಾರೂ ಗಂಭೀರವಾಗಿ ತೆಗೆದುಕೊಳ್ಳಲಿಲ್ಲ. 1964ರ ಒಲಿಂಪಿಕ್ಸ್‌ನಲ್ಲಿ ಎತ್ತರ ಜಿಗಿತದ ಚಿನ್ನ ಗೆದ್ದ ಸೋವಿಯತ್ ಒಕ್ಕೂಟದ ವಲೇರಿ ಬ್ರೂಮೆಲ್ ಮರುವರ್ಷ ಮೋಟಾರ್‌ಸೈಕಲ್ ಅಪಘಾತದಲ್ಲಿ ಕಾಲು ನುಜ್ಜುಗುಜ್ಜು ಮಾಡಿಕೊಂಡರು. ಆಪರೇಷನ್ ಮೇಲೆ ಆಪರೇಷನ್ ಆದರೂ ಗುಣವಾಗದ ಆ ಕಾಲನ್ನು 1968ರಲ್ಲಿ ಇಲಿಝರೋವ್ ಸರಿಮಾಡಿದರು, ಬ್ರೂಮೆಲ್ ಮತ್ತೆ ಜಿಗಿದರು. ಆಮೇಲೇ ದೇಶಕ್ಕೆಲ್ಲ ಹೆಸರಾಯಿತು. ಇಟಲಿಯ ಮೂಲಕ ಪಶ್ಚಿಮದ ದೇಶಗಳಿಗೆ ಮುಟ್ಟಿದ್ದು 1980ರ ದಶಕದಲ್ಲಿ. ಮೂಲೆಯ ಊರಿನ ಜನರ ಮಧ್ಯೆ ಹುಟ್ಟಿದ ಚಿಕಿತ್ಸೆ ನಮ್ಮಂಥ ಮೂಲೆಯ ಊರಿಗೆ ಅರ್ಧ ಮಾತ್ರ ಬಂದಿದೆ ಅನ್ನುವುದು ನನ್ನ ನೋವು.

ಯಾಕೆ ಅರ್ಧ? ಉದ್ದ ಮಾಡುವುದು ಒಂದೆರಡು ತಿಂಗಳಲ್ಲಿ ಮುಗಿಯುತ್ತದೆ. 4 ಸೆಂಟಿಮೀಟರ್ ಅಂದರೆ ಲೆಕ್ಕಕ್ಕೆ 40 ದಿನ. ಆದರೆ ಹೊಸ ಮೂಳೆ ಗಟ್ಟಿಯಾಗಲು ಅದಕ್ಕಿಂತ ಎಷ್ಟೋ ಜಾಸ್ತಿ ಕಾಲ ಬೇಕು, ಅಲ್ಲಿಯವರೆಗೂ ರಿಂಗ್ ಕಾಲಲ್ಲೇ ಇರಬೇಕು. ತಂತಿ ಚರ್ಮ ದಾಟುವ ಜಾಗವನ್ನೆಲ್ಲ ಡಾಕ್ಟರು ಹೇಳಿದ ಹಾಗೆ ಕ್ಲೀನ್ ಮಾಡುತ್ತಿರಬೇಕು, ಇಲ್ಲದಿದ್ದರೆ ಕೀವಾಗುತ್ತದೆ. ಮೂಳೆ ಉದ್ದವಾದಷ್ಟು ಸುಲಭವಾಗಿ ಮೀನಖಂಡ ಉದ್ದವಾಗುವುದಿಲ್ಲ. ಪಾದ ಕೆಳಗೆ ಎಳೆದುಕೊಂಡು ಹಿಮ್ಮಡಿ ಮೇಲೇಳುತ್ತದೆ. ಅದಕ್ಕೇ ಪಾದಕ್ಕೆ ಪಟ್ಟಿ ಕಟ್ಟಬೇಕು, ದಿನಾ ವ್ಯಾಯಾಮ ಮಾಡಿಸಬೇಕು, ಡಾಕ್ಟರು ಹೇಳಿದಷ್ಟು ಭಾರ ಹಾಕಿ ನಡೆಸಬೇಕು. ಇದು ತಪ್ಪಿದರೆ ಮೂಳೆ ನೇರವಾದರೂ ಕೀಲು ಬಿಗಿಯಾಗಿಯೇ ಉಳಿಯುತ್ತದೆ.

ಈಗ ಇದನ್ನು ಕೊಡಗಿನ ಜುಲೈ ತಿಂಗಳಲ್ಲಿಟ್ಟು ನೋಡಿ. ಬಟ್ಟೆ ಒಣಗುವುದೇ ಬೆಂಕಿಯ ಮೇಲೆ, ಹೊಗೆ ವಾಸನೆ ಹಿಡಿದುಕೊಂಡು. ಕರೆಂಟಿಲ್ಲ, ಅಂಗಳವೆಲ್ಲ ಪಾಚಿ, ವಾಕರ್ ಊರಿದರೆ ಜಾರುತ್ತದೆ. ಮಳೆಗಾಲ ತಪ್ಪಿಸಿ ಆಪರೇಷನ್ ಮಾಡಿಸೋಣ ಅಂದರೆ ಡಿಸೆಂಬರ್‌ನಿಂದ ಕಾಫಿ ಕುಯ್ಲು, ಅದರ ಹಿಂದೆಯೇ ಕರಿಮೆಣಸು. ಲೈನ್ ಮನೆಯ, ಅಂದರೆ ತೋಟದ ಕೂಲಿಯವರ ಸಾಲುಮನೆಯ ತಾಯಿ ನಾಲ್ಕು ಕಾಸು ನೋಡುವುದೇ ಆ ತಿಂಗಳುಗಳಲ್ಲಿ. ಅವಳು ಮನೆಯಲ್ಲಿ ಕೂತರೆ ಒಲೆ ಉರಿಯುವುದು ಹೇಗೆ? ನಮ್ಮ ಅಕ್ಕನಿಗೆ ನಾವೆಲ್ಲ ಇದ್ದೆವು. ಎಲ್ಲರಿಗೂ ಹಾಗಿರುವುದಿಲ್ಲ.

ಒಮ್ಮೆ ಒಂದು ತಂತಿಯ ಬುಡ ಕೆಂಪಾಗಿ ಬಿಸಿಯಾಯಿತು. ಹತ್ತಿರದ ಆಸ್ಪತ್ರೆಗೆ ಹೋದರೆ ಮುಟ್ಟಲೂ ಇಲ್ಲ, "ಹಾಕಿದ ಕಡೆಗೇ ಹೋಗಿ" ಅಂದರು. ಮಡಿಕೇರಿಯಿಂದಲೇ ಮೈಸೂರಿಗೆ ಸುಮಾರು 120 ಕಿಲೋಮೀಟರ್. ಕಾಲು ಚಾಚಿಕೊಂಡೇ ಕೂರಬೇಕಾದ ಹುಡುಗನನ್ನು ಬಸ್ಸಲ್ಲಿ ಕರೆದುಕೊಂಡು ಹೋಗುವ ಹಾಗಿಲ್ಲ. ಕಾರು ಮಾಡಿಕೊಂಡು ಹೋದೆವು. ಅಲ್ಲಿ ಅವರು ಬರೆದದ್ದು ಮಾತ್ರೆ, ಹೇಳಿಕೊಟ್ಟದ್ದು ಡ್ರೆಸಿಂಗ್. ಅಷ್ಟೇ.

ಅಷ್ಟನ್ನು ವಿರಾಜಪೇಟೆಯಲ್ಲೋ ಸೋಮವಾರಪೇಟೆಯಲ್ಲೋ ಮಾಡಲು ಆಗುವುದಿಲ್ಲವಾ? ಮಡಿಕೇರಿಯಲ್ಲಿ 2016ರಿಂದ ಸರ್ಕಾರಿ ಮೆಡಿಕಲ್ ಕಾಲೇಜೇ ಇದೆ. ಪ್ರತಿ ತಾಲೂಕಿನಲ್ಲಿ ರಿಂಗ್ ನೋಡಿಕೊಳ್ಳಲು ಕಲಿತ ಒಬ್ಬ ನರ್ಸ್, ವ್ಯಾಯಾಮ ಮಾಡಿಸಲು ಒಬ್ಬ ಫಿಸಿಯೋಥೆರಪಿಸ್ಟ್ ಇರಲಿ. ಗಾಯದ ಫೋಟೋ ತೆಗೆದು ಆಪರೇಷನ್ ಮಾಡಿದ ಡಾಕ್ಟರಿಗೆ ಕಳಿಸಿ ಕೇಳುವ ವ್ಯವಸ್ಥೆ ಇರಲಿ. ತೋಟದ ಮಾಲೀಕರಲ್ಲೂ ಕೇಳುತ್ತೇನೆ: ಇಂಥ ಮಗುವಿನ ತಾಯಿಗೆ ಆ ತಿಂಗಳುಗಳಲ್ಲಿ ಅರ್ಧ ಕೂಲಿಯನ್ನಾದರೂ ಕೊಡಿ. ಒಂದು ಮಗುವಿಗಾಗಿ ಒಂದು ತೋಟ ಅಷ್ಟು ಹೊರಲಾರದೇ?

ಎತ್ತರ ಸಾಲದು ಅಂತ ಗಟ್ಟಿಮುಟ್ಟಾದ ಕಾಲಿನ ಮೂಳೆ ಕತ್ತರಿಸಿಕೊಳ್ಳಲು ಹೊರಟವರೂ ಈಗ ಇದ್ದಾರೆ. ನಮ್ಮ ಹುಡುಗ ರಾತ್ರಿ ಹಲ್ಲು ಕಚ್ಚಿ ಮಲಗಿದ್ದನ್ನು ನೋಡಿದವಳು ನಾನು. ದಯವಿಟ್ಟು ಬೇಡ.

ಇನ್ನು ಚಿಕ್ಕ ಮಕ್ಕಳ ವಿಷಯ. ನಡೆಯಲು ಕಲಿಯುವ ಕೂಸಿನ ಕಾಲು ಸ್ವಲ್ಪ ಬಾಗಿರುವುದು ಸಹಜ. ಎರಡು ವರ್ಷ ದಾಟಿದ ಮೇಲೂ ಬಾಗು ಹೆಚ್ಚುತ್ತಿದ್ದರೆ, ಒಂದೇ ಕಾಲು ಬಾಗಿದ್ದರೆ, ಮಗು ಕುಂಟುತ್ತಿದ್ದರೆ ತೋರಿಸಿ. ವಿಟಮಿನ್ ಡಿ, ಕ್ಯಾಲ್ಸಿಯಂ ಕೊರತೆಯಿಂದ ಬಾಗಿದ ಎಷ್ಟೋ ಕಾಲುಗಳು ಬೇಗ ಗೊತ್ತಾದರೆ ಔಷಧಿಯಲ್ಲೇ ಸರಿಹೋಗುತ್ತವೆ. ಅಂಗನವಾಡಿ, ಶಾಲೆಗಳಿಗೆ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ತಪಾಸಣೆಗೆ ಬರುತ್ತದೆ. ಅವತ್ತು ಮಗುವನ್ನು ಮನೆಯಲ್ಲಿ ಉಳಿಸಿಕೊಳ್ಳಬೇಡಿ. ಚಡ್ಡಿ ಹಾಕಿ ಕಳಿಸಿ, ಕಾಲು ಕಾಣಲಿ.