ಬಾಳನ ಹೆಸರನ್ನೂ ಮರೆಯಬೇಡಿ

ಬೈಬಲಿನ ಹೆಸರುಗಳ ಬಗ್ಗೆ ನೀವು ಬರೆದ ಲೇಖನ ಓದಿದೆ. ಹಳೆಯ ಹೀಬ್ರೂ ಹೆಸರುಗಳಲ್ಲಿ ಇಸ್ರಾಯೇಲರ ದೇವರಾದ ಯೆಹೋವನ ಹೆಸರು ಅಡಗಿರುತ್ತದೆ ಎಂದು ಚೆನ್ನಾಗಿ ವಿವರಿಸಿದ್ದೀರಿ ಸರ್. ಯೆಶಾಯ, ಯೆರೆಮೀಯ ಎಂಬ ಪ್ರವಾದಿಗಳ ಹೆಸರು ಎರಡರ ಕೊನೆಯಲ್ಲೂ ಹೀಬ್ರೂ ಮೂಲದಲ್ಲಿ 'ಯಾಹು', ಅಂದರೆ ಯೆಹೋವನ ಹೆಸರಿನ ಚಿಕ್ಕ ರೂಪ ಇದೆ, ನಿಜ. ಆದರೆ ಕಾನಾನ್ಯರ ದೇವರಾದ ಬಾಳ್‌ನ ಹೆಸರು ಇಟ್ಟುಕೊಂಡವರೂ ಇದ್ದರಲ್ವಾ? ಆ ಕಥೆ ಇನ್ನೂ ಸ್ವಾರಸ್ಯವಾಗಿದೆ.

ಇಸ್ರಾಯೇಲಿನ ಮೊದಲ ರಾಜ ಸೌಲನ ಮಗನನ್ನೇ ನೋಡಿ. ಬೈಬಲಿನ ಪೂರ್ವಕಾಲವೃತ್ತಾಂತ ಪುಸ್ತಕದಲ್ಲಿ ಅವನು ಎಷ್ಬಾಳ, ಅಂದರೆ ಬಾಳನ ಮನುಷ್ಯ. ಎರಡನೆಯ ಸಮುವೇಲ ಎಂಬ ಪುಸ್ತಕದಲ್ಲಿ ಅವನೇ ಈಷ್ಬೋಶೆತ್. 'ಬೋಶೆತ್' ಅಂದರೆ ನಾಚಿಕೆ. ಬಾಳನ ಹೆಸರು ಬಾಯಲ್ಲಿ ಬರಬಾರದು ಎಂದು ಮುಂದೆ ಯಾರೋ ತಿದ್ದಿದ್ದಾರೆ ಎಂಬುದು ಬಹಳ ವಿದ್ವಾಂಸರ ಅಭಿಪ್ರಾಯ. ನನಗೂ ಅದೇ ಸರಿ ಅನಿಸುತ್ತದೆ. 'ಬಾಳ್' ಅಂದರೆ ಒಡೆಯ ಅಷ್ಟೇ. ಒಂದು ಕಾಲದಲ್ಲಿ ಯೆಹೋವನನ್ನೂ ಹಾಗೆ ಕರೆದಿರಬಹುದು.

ಬಾಳನ ಹೆಸರು ಇಟ್ಟುಕೊಳ್ಳುತ್ತಿದ್ದರು ಅನ್ನೋದು ಸುಮ್ನೆ ಊಹೆಯಲ್ಲ. ಜೆರುಸಲೇಮಿನ ನೈರುತ್ಯಕ್ಕಿರುವ ಖಿರ್ಬೆತ್ ಖಿಯಾಫಾದಲ್ಲಿ 2012ರಲ್ಲಿ ಒಡೆದ ಮಡಕೆಯ ಚೂರುಗಳು ಸಿಕ್ಕವು. ಜೋಡಿಸಿ ನೋಡಿದರೆ, ಸುಡುವ ಮೊದಲೇ ಹಸಿ ಮಣ್ಣಿನಲ್ಲಿ ಗೀರಿದ ಅಕ್ಷರಗಳು: ಎಷ್ಬಾಳ, ಬೆದನ ಮಗ. ಇವನು ಸೌಲನ ಮಗನಲ್ಲ, ಬೇರೆಯವನು. ಆದರೆ ಸುಮಾರು 3000 ವರ್ಷದ ಹಿಂದೆ ಈ ಹೆಸರು ಬಳಕೆಯಲ್ಲಿತ್ತು ಅನ್ನೋದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೇ? ಉತ್ತರ ಇಸ್ರಾಯೇಲ್ ರಾಜ್ಯದ ರಾಜಧಾನಿಯಾಗಿದ್ದ ಸಮಾರ್ಯದ ಮಡಕೆ ಚೂರುಗಳ ಬರಹದಲ್ಲೂ ಬಾಳನ ಹೆಸರಿನವರು ಇದ್ದಾರೆ.

ಹೆಣ್ಣುಮಕ್ಕಳ ಹೆಸರನ್ನು ಒಂದೇ ಸಾಲಿನಲ್ಲಿ ಮುಗಿಸಿದ್ದು ಮಾತ್ರ ಬೇಸರವಾಯಿತು. ದೆಬೋರ ಅಂದರೆ ಜೇನುನೊಣ, ರಾಹೇಲ ಅಂದರೆ ಹೆಣ್ಣು ಕುರಿ, ಯಾಯೇಲ ಅಂದರೆ ಕಾಡುಮೇಕೆ. ಇವುಗಳ ಮೇಲೂ ಒಂದು ಲೇಖನ ಬರೆಯಿರಿ, ದಯವಿಟ್ಟು.